ಚಾದರ್ ಟ್ರೆಕ್‌ಗೆ ಪ್ಲಾನ್ ಮಾಡೋದು ಹೇಗೆ?

ಲಡಾಖ್‌ನ ಝನ್ಸ್ಕಾರ್ ನದಿ ಜನವರಿ-ಫೆಬ್ರವರಿಯಲ್ಲಿ ಹೆಪ್ಪುಗಟ್ಟುತ್ತೆ. ಆ ಐಸ್ ಹಾಸಿಗೇ ‘ಚಾದರ್’ ಅಂತ ಹೆಸರು. ಝನ್ಸ್ಕಾರಿನ ಜನರಿಗೆ ಅದು ಹಿಂದಿನಿಂದಲೂ ಚಳಿಗಾಲದ ದಾರಿ, ನಮ್ಮಂಥವರಿಗೆ ಟ್ರೆಕ್.

ಮೊದಲು ಎತ್ತರದ ಲೆಕ್ಕ ನೋಡೋಣ. ಬೆಂಗಳೂರು ಇರೋದು ಸುಮಾರು 900 ಮೀಟರ್ ಎತ್ತರದಲ್ಲಿ, ಲೇಹ್ ಸುಮಾರು 3,500ರಲ್ಲಿ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಭಾಗದಷ್ಟೇ. ವಿಮಾನದಲ್ಲಿ ಹೋದ್ರೆ ದೇಹಕ್ಕೆ ಹೊಂದಿಕೊಳ್ಳಲು ಸಮಯ ಸಿಗಲ್ಲ. ಆದ್ದರಿಂದ ಲೇಹ್‌ನಲ್ಲಿ ಮೂರು ದಿನ ವಿಶ್ರಾಂತಿ, ವೈದ್ಯಕೀಯ ತಪಾಸಣೆ, ಆಮೇಲೇ ನದಿ. ತಲೆನೋವು, ವಾಂತಿ ಇದ್ರೆ ಮುಂದೆ ಹೋಗೋದು ಬೇಡ.

ಎರಡನೆಯದು ಐಸ್. ನೀರು ನಿಧಾನವಾಗಿ ಹರಿಯೋ ಕಡೆ ಅದು ದಪ್ಪ, ರಭಸ ಇರೋ ಕಡೆ ತೆಳು. ಮೇಲೆ ಹಿಮ ಬಿದ್ರೆ ಕಂಬಳಿ ಹೊದಿಸಿದ ಹಾಗೆ: ನೀರಿನ ಶಾಖ ಹೊರಗೆ ಹೋಗದೆ ಐಸ್ ಬೆಳೆಯೋದು ನಿಧಾನವಾಗುತ್ತೆ, ಬಿರುಕೂ ಕಾಣಲ್ಲ. ಸ್ಥಳೀಯ ಗೈಡ್ ಕೋಲಿನಿಂದ ತಟ್ಟಿ ನೋಡಿದ ಮೇಲೇ ನಾವು ಹೆಜ್ಜೆ ಇಡಬೇಕು. ಚಾದರ್ ಒಡೆದಿದ್ರೆ ಕಾಯಬೇಕು, ಇಲ್ಲಾ ದಡದ ಬಂಡೆ ಹತ್ತಿ ದಾಟಬೇಕು.

ಅದಕ್ಕೇ ಟ್ರೆಕ್ ಮುಗಿಯೋ ದಿನಕ್ಕೂ ವಾಪಸ್ ಟಿಕೆಟ್‌ಗೂ ನಡುವೆ ಎರಡು ದಿನ ಖಾಲಿ ಬಿಡೋಣ. ನಮ್ಮ ಕ್ಲಾಸಿನ ಭಾಷೆಯಲ್ಲಿ ಇದೇ ಫ್ಯಾಕ್ಟರ್ ಆಫ್ ಸೇಫ್ಟಿ. ಫ್ಲೈಟ್ ಹಿಡಿಯೋ ಅವಸರ ಇದ್ರೆ ತೆಳು ಐಸ್ ಮೇಲೂ ಕಾಲಿಡೋಣ ಅನ್ಸುತ್ತೆ.