ರಕ್ತ ಕೊಡಲು ಬರುವುದೂ ಶ್ರಮವೇ

ಪ್ರಶ್ನೆ: ನಾನು ಶರೀರಕ್ರಿಯಾಶಾಸ್ತ್ರದ ಎಂ.ಡಿ. ವಿದ್ಯಾರ್ಥಿನಿ. ಎಂಇ/ಸಿಎಫ್‌ಎಸ್ (ದೀರ್ಘಕಾಲದ ತೀವ್ರ ದಣಿವಿನ ಕಾಯಿಲೆ) ರೋಗಿಗಳಿಗೆ ಸೈಕಲ್ ತುಳಿಸಿ, ಎರಡು ದಿನದಲ್ಲಿ ಹಲವು ಸಲ ಆಸ್ಪತ್ರೆಗೆ ಕರೆಸಿ ರಕ್ತ ತೆಗೆಯುವುದು ನನ್ನ ಥೀಸಿಸ್ಸಿನ ಯೋಜನೆ. ನನ್ನ ಅಕ್ಕನಿಗೂ ಇದೇ ಕಾಯಿಲೆ. ಬಟ್ಟೆ ಒಗೆದರೆ ಮೂರು ದಿನ ಏಳುವುದಿಲ್ಲ. ಗೊತ್ತಿದ್ದೂ ರೋಗಿಗಳನ್ನು ಹೀಗೆ ದಣಿಸಬಹುದೇ? ಗೈಡ್‌ಗೆ ಹೇಳಲು ಅಳುಕು.
— ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಅಳುಕಿನಲ್ಲೇ ಒಳ್ಳೆಯ ವೈಜ್ಞಾನಿಕ ಪ್ರಶ್ನೆಯಿದೆ. ಅದನ್ನೇ ಗೈಡ್ ಮುಂದಿಡಿ.

ಈ ಕಾಯಿಲೆಯಲ್ಲಿ ಶ್ರಮದ ಪೆಟ್ಟು ಹೆಚ್ಚಾಗಿ 12ರಿಂದ 48 ಗಂಟೆ ತಡವಾಗಿ ಬೀಳುತ್ತದೆ. ದಿನಗಟ್ಟಲೆ, ಕೆಲವರಿಗೆ ವಾರಗಟ್ಟಲೆ ಕಾಡುತ್ತದೆ. ಮತ್ತೆ ಮತ್ತೆ ರಕ್ತ ತೆಗೆಯಬೇಕಾದದ್ದು ಅದಕ್ಕೇ. 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಅಲನ್ ಲೈಟ್ ತಂಡ 25 ನಿಮಿಷದ ಮಧ್ಯಮ ವ್ಯಾಯಾಮಕ್ಕೆ ಮೊದಲು ಒಮ್ಮೆ, ಆಮೇಲೆ ಅರ್ಧ, 8, 24 ಮತ್ತು 48ನೇ ಗಂಟೆಗೆ ರಕ್ತ ತೆಗೆದಿತ್ತು.

ಆದರೆ ಬಸ್ಸು ಹಿಡಿದು, ಒಪಿಡಿ ಸಾಲಿನಲ್ಲಿ ನಿಂತು, ಮೆಟ್ಟಿಲು ಹತ್ತಿ ಬಂದವರ ‘ವ್ಯಾಯಾಮಕ್ಕೆ ಮುಂಚಿನ’ ರಕ್ತ ಆಗಲೇ ದಣಿದ ದೇಹದ್ದು. ಮರುದಿನ ಮತ್ತೆ ಬಂದರೆ ಇನ್ನೊಂದು ಪೆಟ್ಟು. 48ನೇ ಗಂಟೆಗೆ ಹಾಸಿಗೆ ಬಿಟ್ಟು ಏಳಲಾಗದವರು ಲೆಕ್ಕದಿಂದಲೇ ಬಿಟ್ಟುಹೋಗುತ್ತಾರೆ. ನಿಮಗೆ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದದ್ದು ಅವರ ರಕ್ತ.

ಹಾಗಾಗಿ ರಕ್ತ ತೆಗೆಯುವವರೇ ಮನೆಗೆ ಹೋಗಲಿ. ಯಾವ ಹೊತ್ತಿಗೆ ತೆಗೆಯುತ್ತಾರೆ ಎನ್ನುವುದೂ ಮುಖ್ಯ: ಕಾರ್ಟಿಸಾಲ್ ಬೆಳಗ್ಗೆ ಏರಿ ರಾತ್ರಿಗೆ ಇಳಿಯುವುದು ನಿಮಗೆ ಗೊತ್ತೇ ಇದೆ. ಸಂಜೆಯ ರಕ್ತವನ್ನು ಅದೇ ರೋಗಿಯ ವಿಶ್ರಾಂತಿ ದಿನದ ಸಂಜೆಯದ್ದರ ಜೊತೆಗೇ ಹೋಲಿಸಬೇಕು. ಲ್ಯಾಕ್ಟೇಟ್ ನೋಡುವುದಾದರೆ ಪಟ್ಟಿ ಬಿಗಿದು ‘ಮುಷ್ಟಿ ಹಿಡಿ, ಬಿಡು’ ಅನ್ನುವ ಅಭ್ಯಾಸ ಬಿಡಿಸಿ, ಅಷ್ಟಕ್ಕೇ ಮಟ್ಟ ಏರಿಬಿಡಬಹುದು. ಬೂದು ಮುಚ್ಚಳದ ಫ್ಲೋರೈಡ್ ಟ್ಯೂಬಿಗೆ ಹಾಕಿ, ಐಸಿನಲ್ಲಿಟ್ಟು ಬೇಗ ಲ್ಯಾಬಿಗೆ ತರಬೇಕು. ಮಲಗಿದ್ದಾಗ ತೆಗೆದದ್ದೋ ಕೂತಾಗಲೋ ಎಂದು ಬರೆದಿಡಿ. ಭಂಗಿ ಬದಲಾದರೆ ಪ್ಲಾಸ್ಮಾ ಪ್ರಮಾಣವೂ ಬದಲಾಗುತ್ತದೆ.

ಸೈಕಲ್ಲೇ ಬೇಕೆ ಎಂದೂ ಕೇಳಿ. ತಾವೇ ಆರಿಸಿಕೊಂಡ ಮನೆಗೆಲಸ ಸಾಕಾದರೆ ಹೊಸಿಲು ದಾಟದವರೂ ಸೇರಬಹುದು. ಎಲ್ಲರ ಶ್ರಮ ಒಂದೇ ಅಳತೆಯದ್ದಾಗದು, ನಿಜ. ಅಷ್ಟನ್ನು ಬಿಟ್ಟುಕೊಡಬಹುದು ಅನ್ನುವುದು ನನ್ನ ಅಭಿಪ್ರಾಯ.

‘ಸ್ವಲ್ಪ ಆಯಾಸವಾಗಬಹುದು’ ಎಂದು ಒಪ್ಪಿಗೆ ಪತ್ರದಲ್ಲಿ ದಯವಿಟ್ಟು ಬರೆಯಬೇಡಿ. ವಾರಗಟ್ಟಲೆ ಮಲಗಬೇಕಾಗಬಹುದು, ಎಷ್ಟು ಹೊತ್ತಿಗಾದರೂ ಬೇಡ ಅನ್ನಬಹುದು ಎಂದು ತಿಳಿಗನ್ನಡದಲ್ಲಿ ಬರೆಯಿರಿ. ಕೊನೆಯ ಟ್ಯೂಬು ತುಂಬಿದ ಮೇಲೂ, ಅವರು ಮೊದಲಿನ ಸ್ಥಿತಿಗೆ ಮರಳುವವರೆಗೆ ಫೋನ್ ಮಾಡಿ ವಿಚಾರಿಸುವ ಹೊಣೆ ನಿಮ್ಮದು.

ಮನೆಮನೆಗೆ ಹೋದರೆ ಖರ್ಚು ಎಂದು ಗೈಡ್ ತಕರಾರು ತೆಗೆಯಬಹುದು. ಪ್ರತಿಯೊಬ್ಬರನ್ನೂ ಅವರದೇ ವಿಶ್ರಾಂತಿ ದಿನದ ಜೊತೆ ಹೋಲಿಸುವುದರಿಂದ ಕಡಿಮೆ ಜನ ಸಾಕಾಗಬಹುದು. ಎಥಿಕ್ಸ್ ಕಮಿಟಿಗೆ ಅರ್ಜಿ ಹಾಕುವ ಮೊದಲೇ ಸಂಖ್ಯಾಶಾಸ್ತ್ರದವರ ಹತ್ತಿರ ಕೂತು ಆ ಲೆಕ್ಕ ಮಾಡಿಸಿ, ಹಾಳೆಯನ್ನು ಕೈಯಲ್ಲಿ ಹಿಡಿದೇ ಗೈಡ್ ಹತ್ತಿರ ಹೋಗಿ.