ದಹನವೆಂಬ ನುಡಿ: ಧ್ವಜದಹನ, ವ್ಯಂಜನೆ ಮತ್ತು ಅಭಿವ್ಯಕ್ತಿಯ ಮಿತಿ

೧. ಪ್ರವೇಶ

೧೯೮೪ರ ಆಗಸ್ಟ್ ತಿಂಗಳಲ್ಲಿ ಅಮೆರಿಕೆಯ ಡಲ್ಲಾಸ್ ನಗರದಲ್ಲಿ ರಿಪಬ್ಲಿಕನ್ ಪಕ್ಷದ ರಾಷ್ಟ್ರೀಯ ಸಮಾವೇಶ ನಡೆಯಿತು. ಅದನ್ನು ವಿರೋಧಿಸಿ ಹೊರಟ ಮೆರವಣಿಗೆಯಲ್ಲಿದ್ದ ಗ್ರೆಗರಿ ಲೀ ಜಾನ್ಸನ್ ಎಂಬುವನು ನಗರಸಭೆಯ ಕಟ್ಟಡದ ಮುಂದೆ ರಾಷ್ಟ್ರಧ್ವಜವನ್ನು ಸುಟ್ಟನು. ಟೆಕ್ಸಾಸ್ ರಾಜ್ಯದ ಕಾನೂನಿನ ಪ್ರಕಾರ ಅವನಿಗೆ ಒಂದು ವರ್ಷದ ಸೆರೆವಾಸ ಹಾಗೂ ೨೦೦೦ ಡಾಲರ್ ದಂಡ ವಿಧಿಸಲಾಯಿತು. ೧೯೮೯ರ ಜೂನ್ ೨೧ರಂದು ಅಮೆರಿಕೆಯ ಸುಪ್ರೀಂ ಕೋರ್ಟು ಐದು-ನಾಲ್ಕರ ಬಹುಮತದಿಂದ, ಈ ಕೃತ್ಯ ಅಭಿವ್ಯಕ್ತಿಯೇ ಆಗಿರುವುದರಿಂದ ಅದನ್ನು ಶಿಕ್ಷಿಸಲಾಗದೆಂದು ತೀರ್ಪಿತ್ತಿತು. ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ವಿಲಿಯಂ ಬ್ರೆನನ್.

ಸಾಹಿತ್ಯದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದುದು ಮುಖ್ಯ ನ್ಯಾಯಮೂರ್ತಿ ವಿಲಿಯಂ ರೆನ್‌ಕ್ವಿಸ್ಟ್ ಅವರ ಭಿನ್ನಮತದ ತೀರ್ಪನ್ನು. ಧ್ವಜದ ಹಿರಿಮೆಯನ್ನು ಸ್ಥಾಪಿಸಲು ಅವರು ಎಮರ್ಸನ್, ವಿಟಿಯರ್ ಮೊದಲಾದವರ ಕವಿತೆಗಳನ್ನು ಸಾಕ್ಷ್ಯವೆಂಬಂತೆ ಉದ್ಧರಿಸಿದರು. ಅದೇ ತೀರ್ಪಿನಲ್ಲಿ, ಧ್ವಜವನ್ನು ಸುಡುವುದು ಅರ್ಥವಿಲ್ಲದ ಗುರುಗುಟ್ಟುವಿಕೆಗೆ ಸಮ ಎಂದೂ ಹೇಳಿದರು. ಹೀಗೆ ಧ್ವಜದ ಪರವಾಗಿ ಕಾವ್ಯ, ಅದನ್ನು ಸುಡುವವನ ಪಾಲಿಗೆ ಬರಿಯ ಗುರುಗುಟ್ಟುವಿಕೆ ಎಂಬ ವಿಭಜನೆ ಅಲ್ಲಿದೆ. ಈ ವಿಭಜನೆ ಎಷ್ಟರಮಟ್ಟಿಗೆ ನಿಲ್ಲುತ್ತದೆ? ಸುಡುವ ಕ್ರಿಯೆ ನುಡಿಯೇ? ನುಡಿಯಾದರೆ ಅದರ ಮಿತಿ ಎಲ್ಲಿ? ಈ ಪ್ರಶ್ನೆಗಳನ್ನು ಭಾರತೀಯ ಕಾವ್ಯಮೀಮಾಂಸೆಯ ಪರಿಭಾಷೆಯ ನೆರವಿನಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

೨. ಕ್ರಿಯೆಯ ವ್ಯಂಗ್ಯಾರ್ಥ

ಸೂರ್ಯಾಸ್ತವಾಯಿತೆಂಬ ಒಂದೇ ಮಾತು ಕಳ್ಳನಿಗೆ ಒಂದು ಅರ್ಥವನ್ನೂ ದನಗಾಹಿಗೆ ಮತ್ತೊಂದನ್ನೂ ಪ್ರಿಯನಿಗಾಗಿ ಕಾದಿರುವವಳಿಗೆ ಮಗದೊಂದನ್ನೂ ಕೊಡುತ್ತದೆಂಬುದನ್ನು ನಾವು ತರಗತಿಯಲ್ಲಿ ಪಾಠ ಮಾಡುತ್ತೇವೆ. ಮಮ್ಮಟನು ‘ಕಾವ್ಯಪ್ರಕಾಶ’ದಲ್ಲಿ ವ್ಯಂಗ್ಯಾರ್ಥಕ್ಕೆ ಕಾರಣವಾಗುವ ಅಂಶಗಳಾಗಿ ವಕ್ತೃ, ಬೋದ್ಧವ್ಯ, ಕಾಕು, ವಾಕ್ಯ, ವಾಚ್ಯ, ಅನ್ಯಸನ್ನಿಧಿ, ಪ್ರಸ್ತಾವ, ದೇಶ, ಕಾಲ ಮುಂತಾದವುಗಳನ್ನು ಹೆಸರಿಸುತ್ತಾನೆ. ಇವುಗಳಲ್ಲಿ ಹೆಚ್ಚಿನವು ಕ್ರಿಯೆಗೂ ಅನ್ವಯಿಸುತ್ತವೆ.

ಇದಕ್ಕೆ ಧ್ವಜದಹನವೇ ಉತ್ತಮ ನಿದರ್ಶನ. ೨೦೦೨ರ ಭಾರತದ ಧ್ವಜಸಂಹಿತೆಯ ಪ್ರಕಾರ ಹರಿದು ಹಾಳಾದ ರಾಷ್ಟ್ರಧ್ವಜವನ್ನು ಏಕಾಂತದಲ್ಲಿ, ಸಾಧ್ಯವಾದರೆ ಸುಡುವ ಮೂಲಕ, ಪೂರ್ಣವಾಗಿ ನಾಶಪಡಿಸಬೇಕು. ಅಮೆರಿಕೆಯ ಧ್ವಜಸಂಹಿತೆಯೂ ಹಳತಾದ ಧ್ವಜಕ್ಕೆ ಗೌರವಯುತ ದಹನವನ್ನೇ ಸೂಚಿಸುತ್ತದೆ. ಆದರೆ ಭಾರತದ ೧೯೭೧ರ ರಾಷ್ಟ್ರಗೌರವಕ್ಕೆ ಅವಮಾನ ತಡೆ ಅಧಿನಿಯಮದ ಎರಡನೆಯ ಕಲಮಿನಂತೆ, ಸಾರ್ವಜನಿಕ ಸ್ಥಳದಲ್ಲಿ ಅಥವಾ ಸಾರ್ವಜನಿಕರಿಗೆ ಕಾಣುವಂತೆ ಧ್ವಜವನ್ನು ಸುಟ್ಟವರಿಗೆ ಮೂರು ವರ್ಷಗಳವರೆಗಿನ ಸೆರೆವಾಸ, ದಂಡ ಅಥವಾ ಎರಡನ್ನೂ ವಿಧಿಸಬಹುದು. ಬಟ್ಟೆ ಅದೇ, ಬೆಂಕಿ ಅದೇ, ಉಳಿಯುವ ಬೂದಿಯೂ ಅದೇ. ಬದಲಾಗುವುದು ವಕ್ತೃ, ಬೋದ್ಧವ್ಯ, ದೇಶ, ಕಾಲ ಮಾತ್ರ. ಎಂದರೆ ಕಾನೂನು ನಿಷೇಧಿಸುವುದು ಬಟ್ಟೆಯ ನಾಶವನ್ನಲ್ಲ, ಆ ನಾಶದಿಂದ ಹೊರಡುವ ಅರ್ಥವನ್ನು. ಅರ್ಥವನ್ನು ಹೊರಡಿಸುವ ಕೃತ್ಯವನ್ನು ಗುರುಗುಟ್ಟುವಿಕೆ ಎನ್ನಲಾಗದು. ಬ್ರೆನನ್ ಅವರ ತರ್ಕದ ತಿರುಳೂ ಇದೇ: ದಹನಕ್ಕೆ ಅರ್ಥವಿಲ್ಲದಿದ್ದರೆ ನಿಷೇಧದ ಅಗತ್ಯವಿರುತ್ತಿರಲಿಲ್ಲ, ಅರ್ಥವಿದ್ದರೆ, ಅದು ಅಪ್ರಿಯವೆಂಬ ಒಂದೇ ಕಾರಣಕ್ಕೆ ಸರ್ಕಾರ ಅದನ್ನು ಶಿಕ್ಷಿಸಲಾಗದು.

೩. ದಹನದ ಭಾರತೀಯ ಪರಂಪರೆ

ಪ್ರತಿಭಟನೆಯ ಭಾಷೆಯಾಗಿ ದಹನ ನಮಗೆ ಹೊಸದಲ್ಲ. ೧೯೦೮ರ ಆಗಸ್ಟ್ ೧೬ರಂದು ಜೋಹಾನ್ಸ್‌ಬರ್ಗಿನ ಹಮೀದಿಯಾ ಮಸೀದಿಯ ಆವರಣದಲ್ಲಿ, ಗಾಂಧೀಜಿಯವರ ನೇತೃತ್ವದಲ್ಲಿ ಭಾರತೀಯರು ತಮ್ಮ ಎರಡು ಸಾವಿರಕ್ಕೂ ಹೆಚ್ಚು ನೋಂದಣಿ ಪತ್ರಗಳನ್ನು ಸುಟ್ಟರು. ೧೯೨೧ರಲ್ಲಿ ಮುಂಬಯಿಯಲ್ಲಿ ವಿದೇಶಿ ಬಟ್ಟೆಗಳ ರಾಶಿಗೆ ಬೆಂಕಿಯಿಡಲಾಯಿತು. ೧೯೨೭ರ ಡಿಸೆಂಬರ್ ೨೫ರಂದು ಮಹಾಡದಲ್ಲಿ ಡಾ. ಅಂಬೇಡ್ಕರರ ನೇತೃತ್ವದಲ್ಲಿ ಮನುಸ್ಮೃತಿಯನ್ನು ಸುಡಲಾಯಿತು. ವಿದೇಶಿ ಬಟ್ಟೆಯ ದಹನವನ್ನು ಒಪ್ಪುವವರು ಈ ದಹನವನ್ನು ಹೇಗೆ ನಿರಾಕರಿಸುತ್ತಾರೆಂಬ ಹೋಲಿಕೆಯನ್ನು ಅಂಬೇಡ್ಕರರೇ ಮುಂದಿಟ್ಟಿದ್ದರು. ಈ ಮೂರೂ ಸಂದರ್ಭಗಳಲ್ಲಿ ಸುಟ್ಟವರ ಉದ್ದೇಶ ವಸ್ತುವಿನ ನಾಶವಾಗಿರಲಿಲ್ಲ. ಮನುಸ್ಮೃತಿಯ ಒಂದು ಪ್ರತಿ ಸುಟ್ಟ ಮಾತ್ರಕ್ಕೆ ಗ್ರಂಥ ಇಲ್ಲವಾಗುವುದಿಲ್ಲವೆಂಬುದು ಮಹಾಡದಲ್ಲಿ ನೆರೆದವರಿಗೆ ತಿಳಿದೇ ಇತ್ತು. ಅಲ್ಲಿ ವಾಚ್ಯ ಗೌಣ, ವ್ಯಂಗ್ಯ ಪ್ರಧಾನ.

ಸ್ವಾತಂತ್ರ್ಯಾನಂತರದ ಎರಡು ಘಟನೆಗಳನ್ನು ಜೊತೆಗಿಟ್ಟು ನೋಡಬೇಕು. ೧೯೫೩ರ ಸೆಪ್ಟೆಂಬರಿನಲ್ಲಿ ರಾಜ್ಯಸಭೆಯಲ್ಲಿ ಮಾತನಾಡುತ್ತ ಅಂಬೇಡ್ಕರರು, ಸಂವಿಧಾನವನ್ನು ಸುಡುವುದಾದರೆ ಮೊದಲಿಗ ತಾನೇ ಆಗುವೆನೆಂದರು. ೧೯೫೭ರ ನವೆಂಬರ್ ೨೬ರಂದು ಪೆರಿಯಾರ್ ಅವರ ಕರೆಯಂತೆ ದ್ರಾವಿಡ ಕಳಗದವರು, ಜಾತಿಗೆ ರಕ್ಷಣೆ ನೀಡುತ್ತವೆಂದು ತಾವು ಭಾವಿಸಿದ್ದ ಸಂವಿಧಾನದ ಭಾಗಗಳನ್ನು ಸುಟ್ಟು ಸೆರೆಮನೆಗೆ ಹೋದರು. ಇಂಥ ಕೃತ್ಯವನ್ನು ಶಿಕ್ಷಿಸುವ ಕಾನೂನನ್ನು ಮದ್ರಾಸ್ ಶಾಸನಸಭೆ ಅದೇ ವರ್ಷ ಮಾಡಿತ್ತು. ಸುಡುವೆನೆಂಬ ಮಾತು ಸಂಸತ್ತಿನ ಕಡತದಲ್ಲಿ ಉಳಿಯಿತು. ಸುಟ್ಟ ಕ್ರಿಯೆ ಅಪರಾಧವಾಯಿತು. ೧೯೭೧ರ ಅಧಿನಿಯಮವೂ ಈ ವ್ಯತ್ಯಾಸವನ್ನೇ ಒಪ್ಪುತ್ತದೆ. ಕಾನೂನುಬದ್ಧ ಮಾರ್ಗದಿಂದ ಬದಲಾವಣೆ ತರುವ ಉದ್ದೇಶದ ಟೀಕೆ, ಅಸಮ್ಮತಿಗಳು ಅಪರಾಧವಲ್ಲವೆಂದು ಅದರ ವಿವರಣೆಯೇ ಹೇಳುತ್ತದೆ. ಮಾತಿಗೆ ಬಿಟ್ಟುಕೊಟ್ಟ ಜಾಗವನ್ನು ಕ್ರಿಯೆಗೆ ನಿರಾಕರಿಸುವ ಈ ನಿಲುವಿಗೆ ಒಂದು ಸಮರ್ಥನೆಯುಂಟು: ಮಾತಿನ ದಾರಿ ತೆರೆದಿರುವಾಗ ಬೆಂಕಿಯ ದಾರಿ ಏಕೆ? ಆದರೆ ಮಾತು ಯಾರಿಗೆ ತೆರೆದಿದೆಯೆಂಬ ಪ್ರಶ್ನೆ ಇಲ್ಲಿ ಉಳಿಯುತ್ತದೆ. ಅಂಬೇಡ್ಕರರಿಗೆ ರಾಜ್ಯಸಭೆಯಲ್ಲಿ ಆಸನವಿತ್ತು. ೧೯೫೭ರಲ್ಲಿ ಸೆರೆಮನೆಗೆ ಹೋದ ಸಾಮಾನ್ಯರಿಗೆ ಅದಿರಲಿಲ್ಲ.

೪. ಮಿತಿಯ ಪ್ರಶ್ನೆ

ದಹನ ನುಡಿಯೆಂದು ಒಪ್ಪಿದ ಮಾತ್ರಕ್ಕೆ ಅದಕ್ಕೆ ಮಿತಿಯಿಲ್ಲವೆಂದಾಗುವುದಿಲ್ಲ. ಸಂವಿಧಾನದ ೧೯(೧)(ಎ) ವಿಧಿ ನೀಡುವ ವಾಕ್ ಸ್ವಾತಂತ್ರ್ಯಕ್ಕೆ ೧೯(೨)ರಲ್ಲಿ ಸಾರ್ವಜನಿಕ ಸುವ್ಯವಸ್ಥೆ, ರಾಷ್ಟ್ರದ ಸಾರ್ವಭೌಮತ್ವ ಮತ್ತು ಸಮಗ್ರತೆ, ಅಪರಾಧಕ್ಕೆ ಪ್ರಚೋದನೆ ಮುಂತಾದ ಆಧಾರಗಳ ಮೇಲೆ ಸಮಂಜಸ ನಿರ್ಬಂಧಕ್ಕೆ ಅವಕಾಶವಿದೆ. ಧ್ವಜವನ್ನು ಗೌರವದಿಂದ ಹಾರಿಸುವುದು ಅಭಿವ್ಯಕ್ತಿಯೆಂದು ೨೦೦೪ರ ನವೀನ್ ಜಿಂದಾಲ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟು ಒಪ್ಪಿತಾದರೂ, ಆ ಹಕ್ಕು ನಿರ್ಬಂಧಗಳಿಗೆ ಒಳಪಟ್ಟಿದೆಯೆಂದೇ ಹೇಳಿತು.

ಮಿತಿಯನ್ನು ಗುರುತಿಸಲು ಎರಡು ಅಮೆರಿಕನ್ ಪ್ರಕರಣಗಳು ನೆರವಾಗುತ್ತವೆ. ೧೯೬೬ರಲ್ಲಿ ಬಾಸ್ಟನ್ನಿನಲ್ಲಿ ಓಬ್ರಿಯನ್ ಎಂಬುವನು ಸೇನಾಭರ್ತಿಯ ತನ್ನ ಚೀಟಿಯನ್ನು ಸುಟ್ಟನು. ೧೯೬೮ರಲ್ಲಿ ನ್ಯಾಯಾಲಯ ಶಿಕ್ಷೆಯನ್ನು ಎತ್ತಿಹಿಡಿಯಿತು. ಚೀಟಿಗೆ ಆಡಳಿತಾತ್ಮಕ ಉಪಯೋಗವಿದೆ, ಕಾನೂನಿನ ಗುರಿ ಅದರ ರಕ್ಷಣೆಯೇ ಹೊರತು ಸುಟ್ಟವನ ಅಭಿಪ್ರಾಯವಲ್ಲ ಎಂಬುದು ಅದರ ವಾದ. ಎರಡನೆಯದು ೨೦೦೩ರ ವರ್ಜೀನಿಯಾ ಪ್ರಕರಣ. ಕು ಕ್ಲಕ್ಸ್ ಕ್ಲಾನ್ ಕರಿಯರನ್ನು ಬೆದರಿಸಲು ಶಿಲುಬೆಯನ್ನು ಸುಡುತ್ತಿದ್ದ ಇತಿಹಾಸವನ್ನು ಗಮನಿಸಿ, ಬೆದರಿಸುವ ಉದ್ದೇಶದ ಶಿಲುಬೆದಹನವನ್ನು ನಿಷೇಧಿಸಬಹುದೆಂದು ಅದೇ ನ್ಯಾಯಾಲಯ ಹೇಳಿತು. ಜಾನ್ಸನ್ನನ ಬೆಂಕಿಯ ಬೋದ್ಧವ್ಯ ಪ್ರಭುತ್ವ. ಕ್ಲಾನಿನ ಬೆಂಕಿಯ ಬೋದ್ಧವ್ಯ ನೆರೆಮನೆಯ ನಿಶ್ಶಸ್ತ್ರ ಕುಟುಂಬ. ಮೊದಲನೆಯದು ಬಲಿಷ್ಠನಿಗೆ ನೋವುಂಟುಮಾಡಬಹುದು. ಎರಡನೆಯದು ದುರ್ಬಲನ ಬಾಯಿಯನ್ನೇ ಮುಚ್ಚಿಸುತ್ತದೆ. ಆದ್ದರಿಂದ ಮಿತಿಯನ್ನು ಭಾವನೆಗೆ ಆದ ನೋವಿನಲ್ಲಿ ಹುಡುಕದೆ, ಮನುಷ್ಯರಿಗೆ ಒಡ್ಡಿದ ಬೆದರಿಕೆಯಲ್ಲಿ ಹುಡುಕಬೇಕೆಂದು ತೋರುತ್ತದೆ.

ಜಾನ್ಸನ್ ತೀರ್ಪು ಬಂದ ೧೯೮೯ರಲ್ಲಿಯೇ ನಮ್ಮ ಸುಪ್ರೀಂ ಕೋರ್ಟು ಎಸ್. ರಂಗರಾಜನ್ ಪ್ರಕರಣದಲ್ಲಿ ಇದಕ್ಕೆ ಹತ್ತಿರವಾದ ಮಾತನ್ನು ಹೇಳಿತೆಂಬುದು ಗಮನಾರ್ಹ. ಮೀಸಲಾತಿ ನೀತಿಯನ್ನು ಪ್ರಶ್ನಿಸುವ ತಮಿಳು ಚಲನಚಿತ್ರವೊಂದರ ಸಂಬಂಧವಾಗಿ ಕನ್ನಡ ನಾಡಿನವರೇ ಆದ ನ್ಯಾಯಮೂರ್ತಿ ಕೆ. ಜಗನ್ನಾಥ ಶೆಟ್ಟಿಯವರು ಬರೆದ ತೀರ್ಪದು. ಅಭಿವ್ಯಕ್ತಿಯಿಂದ ಒದಗುವ ಅಪಾಯ ದೂರದ ಊಹೆಯಾಗಿರಬಾರದು, ಮದ್ದಿನ ಪೀಪಾಯಿಗೆ ಬಿದ್ದ ಕಿಡಿಯಂತೆ ನೇರ ಸಂಬಂಧವುಳ್ಳದ್ದಾಗಿರಬೇಕು. ಪ್ರತಿಭಟನೆಯ ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ಹತ್ತಿಕ್ಕಲಾಗದು ಎಂಬುದು ಅದರ ಸಾರ. ಆದರೆ ರಾಷ್ಟ್ರಧ್ವಜದ ವಿಷಯದಲ್ಲಿ ೧೯೭೧ರ ಅಧಿನಿಯಮ ಈ ಕಿಡಿಯನ್ನು ಸಾಬೀತುಪಡಿಸುವಂತೆ ಕೇಳುವುದಿಲ್ಲ. ಅಲ್ಲಿ ಕೃತ್ಯವೇ ಸಾಕು.

೫. ನಮ್ಮ ಬಾವುಟ, ನಮ್ಮ ಪರೀಕ್ಷೆ

ದೂರದ ಧ್ವಜದ ಬಗ್ಗೆ ಉದಾರವಾಗಿರುವುದು ಸುಲಭ. ೨೦೨೧ರ ಡಿಸೆಂಬರಿನಲ್ಲಿ ಕೊಲ್ಹಾಪುರದಲ್ಲಿ ಹಳದಿ-ಕೆಂಪು ಕನ್ನಡ ಬಾವುಟವನ್ನು ಸುಡಲಾಯಿತು. ಅನಂತರದ ದಿನಗಳಲ್ಲಿ ಬೆಂಗಳೂರಿನಲ್ಲಿ ಶಿವಾಜಿ ಪ್ರತಿಮೆಗೆ ಮಸಿ ಬಿತ್ತು, ಬೆಳಗಾವಿಯಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆ ಭಗ್ನಗೊಂಡಿತು. ಕನ್ನಡ ಬಾವುಟ ೧೯೭೧ರ ಅಧಿನಿಯಮದ ವ್ಯಾಪ್ತಿಗೆ ಬರುವುದಿಲ್ಲ. ಆದರೂ ಆ ದೃಶ್ಯ ಕನ್ನಡಿಗರಿಗೆ ಕೊಟ್ಟ ಸಂಕಟ ನಿಜವಾದುದು. ಈ ಲೇಖನ ಬರೆಯುವಾಗಲೂ ಅದು ಮನಸ್ಸಿನಲ್ಲಿತ್ತು. ಮೇಲೆ ಒಪ್ಪಿದ ತತ್ತ್ವವನ್ನು ಇಲ್ಲಿ ಕೈಬಿಡುವಂತಿಲ್ಲ. ಬಾವುಟದ ದಹನ ಎಷ್ಟೇ ಕಹಿಯಾದರೂ ಒಂದು ಹೇಳಿಕೆ. ಅದಕ್ಕೆ ಹೇಳಿಕೆಯಿಂದಲೇ ಉತ್ತರಿಸಬೇಕು. ಗಡಿಭಾಗದ ಸಾಮಾನ್ಯ ಕನ್ನಡಿಗನ, ಸಾಮಾನ್ಯ ಮರಾಠಿಗನ ಅಂಗಡಿ, ವಾಹನ, ಮೈಮೇಲೆ ಕೈಯಿಟ್ಟ ಕ್ಷಣದಲ್ಲಿ ಅದು ಹೇಳಿಕೆಯ ಎಲ್ಲೆಯನ್ನು ದಾಟುತ್ತದೆ. ಅಲ್ಲಿ ಕಾನೂನು ಕಠಿಣವಾಗಿಯೇ ಇರಬೇಕು.

ಅನುಮತಿ ಬೇರೆ, ಔಚಿತ್ಯ ಬೇರೆ ಎಂಬುದನ್ನೂ ಮರೆಯುವಂತಿಲ್ಲ. ೧೯೨೧ರ ವಸ್ತ್ರದಹನವನ್ನು ರವೀಂದ್ರನಾಥ ಠಾಕೂರರು ಟೀಕಿಸಿದರು. ಗಾಂಧೀಜಿ ಅದಕ್ಕೆ ಬರಹದಲ್ಲಿಯೇ ಉತ್ತರಿಸಿದರು. ಸುಡುವುದು ಸರಿಯೇ ಎಂಬ ಚರ್ಚೆ ನಡೆಯಲು ಸುಡುವವನು ಸೆರೆಮನೆಯಲ್ಲಿರಬೇಕಾದ ಅಗತ್ಯವಿಲ್ಲವೆಂಬುದಕ್ಕೆ ಆ ವಾಗ್ವಾದವೇ ನಿದರ್ಶನ.

೬. ಸಮಾರೋಪ

ಈ ವಿವಾದ ಮುಗಿದಿಲ್ಲ. ೨೦೨೫ರ ಆಗಸ್ಟ್ ೨೫ರಂದು ಅಮೆರಿಕೆಯ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅವರು, ಧ್ವಜದಹನದ ಸಂದರ್ಭದಲ್ಲಿ ಬೇರೆ ಕಾನೂನುಗಳು ಉಲ್ಲಂಘನೆಯಾದರೆ ಕಠಿಣವಾಗಿ ಮೊಕದ್ದಮೆ ಹೂಡುವಂತೆ ಆದೇಶ ಹೊರಡಿಸಿದರು. ಅಂಥ ಆದೇಶದಿಂದ ೧೯೮೯ರ ತೀರ್ಪು ರದ್ದಾಗುವುದಿಲ್ಲವಾದರೂ, ಅದು ಪ್ರಭುತ್ವದ ಅಸಹನೆಯನ್ನು ಸೂಚಿಸುತ್ತದೆ.

ಧ್ವನಿ ಸಿದ್ಧಾಂತ ಸಹೃದಯನನ್ನು ಅಪೇಕ್ಷಿಸುತ್ತದೆ. ಪ್ರತಿಭಟನಕಾರನಾದರೋ ತನ್ನೊಡನೆ ಸಮಾನಹೃದಯವಿಲ್ಲದವರನ್ನು ಉದ್ದೇಶಿಸಿಯೇ ನುಡಿಯುತ್ತಾನೆ. ಕಾವ್ಯಮೀಮಾಂಸೆಯ ಪರಿಭಾಷೆ ಇಲ್ಲಿ ತನ್ನ ಎಲ್ಲೆಯನ್ನು ಮುಟ್ಟುತ್ತದೆ. ಆದರೂ ಅದು ನಮಗೆ ಒಂದು ಶಿಸ್ತನ್ನು ಕಲಿಸಿದೆ: ವಾಚ್ಯದಲ್ಲಿಯೇ ನಿಲ್ಲದೆ ಯಾರು, ಯಾರಿಗೆ, ಎಲ್ಲಿ, ಯಾವಾಗ ನುಡಿದರೆಂದು ವಿಚಾರಿಸುವ ಶಿಸ್ತು. ಉರಿಯುವ ಬಟ್ಟೆಯನ್ನು ಕಂಡು ಕೆರಳುವ ಮುನ್ನ ನ್ಯಾಯಾಧೀಶನೂ ನಾಗರಿಕನೂ ಈ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಂಡರೆ, ಶಿಕ್ಷಿಸಬೇಕಾದ ಬೆಂಕಿಯನ್ನು ಸಹಿಸಬೇಕಾದ ಬೆಂಕಿಯಿಂದ ಬೇರ್ಪಡಿಸುವುದು ಸಾಧ್ಯವಾದೀತು.