ದುಡಿಯುವ ಮೈ ಕಾಯೋಣ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ನಮ್ಮ ಈ ಸೀಮೆಯಲ್ಲಿ ಹೊಲದ ಕೆಲಸ ಮುಗಿದರೆ ಬಹಳ ಮಂದಿ ಗೌಂಡಿ ಕೆಲಸಕ್ಕೆ ಹೋಗುತ್ತಾರೆ. ಕೆಲವರು ಊರಲ್ಲೇ ದುಡಿಯುತ್ತಾರೆ. ಕೆಲವರು ಮಿರಜ, ಇಚಲಕರಂಜಿ, ಕೊಲ್ಲಾಪುರಕ್ಕೆ ಹೋಗುತ್ತಾರೆ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ ನದಿ ಉಕ್ಕಿ ಬಂತು. ಹೊಳೆ ದಂಡೆಯ ಊರುಗಳಲ್ಲಿ ಮನೆಗಳು ಬಿದ್ದವು. ಬಿದ್ದ ಮನೆ ಮತ್ತೆ ಎಬ್ಬಿಸಿದವರು ಯಾರು? ಇದೇ ಗೌಂಡಿಗಳು, ಇದೇ ಕೂಲಿಯವರು.

ಒಂದು ಸಂಜೆ ನಮ್ಮ ಕಲಿಕಾ ಕೇಂದ್ರದಲ್ಲಿ ಒಬ್ಬ ಅಕ್ಕ ಪಾಟಿ ಮುಟ್ಟದೆ ಕುಳಿತಿದ್ದರು.

"ಯಾಕ್ರಿ ಅಕ್ಕಾ, ಬರೀರಿ," ಎಂದೆವು.

"ಬಳಪ ಹಿಡಿಯಾಕ ಆಗವಲ್ದ್ರಿ ಮಾಸ್ತರ, ಬೆರಳು ಸೀಳ್ಯಾವ. ರೇಶನ್ ಅಂಗಡ್ಯಾಗ ಹೆಬ್ಬೆಟ್ಟು ಒತ್ತಿದ್ರ ಮಶೀನು ತಗೊಳ್ಳವಲ್ದು. ಗೆರಿ ಸವದಾವಂತ," ಅಂದರು.

ಅಂದು ನಾವು ಅಕ್ಷರ ಬಿಟ್ಟು ಮೈಯ ಪಾಠ ಮಾಡಿದೆವು. ಆ ಪಾಠವೇ ಇದು.

ಕೈ

ಸಿಮೆಂಟಿಗೆ ನೀರು ಬಿದ್ದರೆ ಅದು ಸುಣ್ಣದ ಹಾಗೆ ಚರ್ಮ ಸುಡುತ್ತದೆ. ಸುಟ್ಟದ್ದು ಕೂಡಲೇ ತಿಳಿಯುವುದಿಲ್ಲ. ಆದ್ದರಿಂದ ಮಾಲು ಕಲಸುವಾಗ ರಬ್ಬರ್ ಕೈಚೀಲ, ಬೂಟು ಹಾಕಿಕೊಳ್ಳಬೇಕು. ಮೈಗೆ ಸಿಡಿದರೆ ಕೂಡಲೇ ಬಹಳಷ್ಟು ನೀರಿನಿಂದ ತೊಳೆಯಬೇಕು. ಕಣ್ಣಿಗೆ ಸಿಡಿದರೆ ಉಜ್ಜಬಾರದು. ನೀರು ಹಾಕುತ್ತ ದವಾಖಾನೆಗೆ ಹೋಗಬೇಕು.

ಬೆನ್ನು

ಸಿಮೆಂಟ್ ಚೀಲದ ತೂಕ 50 ಕಿಲೊ. ಒಬ್ಬ ಹೆಣ್ಣುಮಗಳು 30 ಕಿಲೊಗಿಂತ ಹೆಚ್ಚು ಎತ್ತಬಾರದು ಎಂದು ಕಟ್ಟಡ ಕೆಲಸದ 1998ರ ಕೇಂದ್ರ ನಿಯಮ ಹೇಳಿತ್ತು. ಗಂಡಸಿಗೆ 55 ಕಿಲೊ ಎಂದಿತ್ತು. ಹಾಗಾದರೆ ಹೆಣ್ಣುಮಗಳ ತಲೆ ಮೇಲೆ ಇಡೀ ಚೀಲ ಹೊರಿಸುವುದು ಸರಿಯೇ?

ಭಾರ ಎತ್ತುವಾಗ ನಡ ಬಗ್ಗಿಸಬೇಡಿ. ಮೊಣಕಾಲು ಮಡಚಿ ಕುಳಿತು, ಭಾರವನ್ನು ಎದೆಗೆ ಹತ್ತಿರ ಹಿಡಿದು ಏಳಿರಿ. ಎತ್ತಿದ ಮೇಲೆ ನಡ ತಿರುವಬೇಡಿ, ಕಾಲು ತಿರುಗಿಸಿ. ಚೀಲವಿದ್ದರೆ ಇಬ್ಬರು ಹಿಡಿಯಿರಿ.

ಉಸಿರು

ಕಲ್ಲು, ಟೈಲ್ಸ್ ಕೊಯ್ಯುವಾಗ ಸಣ್ಣ ಧೂಳು ಏಳುತ್ತದೆ. ಅದರಲ್ಲಿ ಸಿಲಿಕಾ ಇರುತ್ತದೆ. ಅದು ಪುಪ್ಪುಸದಲ್ಲಿ ಕುಳಿತರೆ ಸಿಲಿಕೋಸಿಸ್ ಎಂಬ ರೋಗ ಬರುತ್ತದೆ. ಅದನ್ನು ಪೂರ್ತಿ ಗುಣಪಡಿಸುವ ಮದ್ದಿಲ್ಲ. "ಬೆಲ್ಲಾ ತಿಂದ್ರ ಧೂಳು ಹೋಗ್ತದ" ಅಂತಾರೆ. ಬೆಲ್ಲ ತಿನ್ನಿರಿ, ಆದರೆ ಅದನ್ನೇ ನಂಬಿ ಕೂಡಬೇಡಿ. ನೀರು ಬಿಟ್ಟು ಕೊಯ್ಯಿರಿ. ಧೂಳು ತಡೆಯುವ ಮಾಸ್ಕ್ ಕೇಳಿ ಪಡೆಯಿರಿ. ಕೆಮ್ಮು ಎರಡು ವಾರ ದಾಟಿದರೆ ಸರಕಾರಿ ದವಾಖಾನೆಯಲ್ಲಿ ತೋರಿಸಿ. ಇದು ಕ್ಷಯದಂತೆಯೇ ಕಾಣಬಹುದು. ನೀವು ಮಾಡುವ ಕೆಲಸ ಯಾವುದೆಂದು ಡಾಕ್ಟರಿಗೆ ಹೇಳಿ.

ನೀರು

"ಶೌಚಕ್ಕ ಜಾಗಾ ಇಲ್ರಿ. ಅದಕ್ಕ ನೀರ ಕುಡಿಯೂದಿಲ್ಲ," ಎಂದು ಇನ್ನೊಬ್ಬ ಅಕ್ಕ ಮೆಲ್ಲಗೆ ಹೇಳಿದರು. ನೀರು ಕುಡಿಯದಿದ್ದರೆ, ಮೂತ್ರ ತಡೆದರೆ ಉರಿಮೂತ್ರ ಬರುತ್ತದೆ. ಬೇಸಿಗೆಯಲ್ಲಿ ತಲೆ ತಿರುಗಿ ಬೀಳಬಹುದು. ಹೆಣ್ಣುಮಕ್ಕಳಿಗೆ ಮರೆ ಇರುವ ಜಾಗ, ಎಲ್ಲರಿಗೂ ಕುಡಿಯುವ ನೀರು. ಇವನ್ನು ಕೇಳಲು ನಾಚಬೇಡಿ. ಒಬ್ಬರೇ ಕೇಳುವುದಕ್ಕಿಂತ ಹತ್ತು ಮಂದಿ ಕೂಡಿ ಕೇಳಿರಿ.

ಎತ್ತರ

ಗಳು ಕಟ್ಟಿ ಮೇಲೆ ಹತ್ತುವ ಮೊದಲು ಕಟ್ಟು ಬಿಗಿ ಇದೆಯೇ ನೋಡಿ. ಹೆಲ್ಮೆಟ್ ಹಾಕಿ. ಎತ್ತರದಲ್ಲಿ ಸೊಂಟಕ್ಕೆ, ಎದೆಗೆ ಬೆಲ್ಟು ಬೇಕು. ಯಾರಾದರೂ ಬಿದ್ದರೆ ಎಳೆದಾಡಬೇಡಿ. 108ಕ್ಕೆ ಫೋನ್ ಮಾಡಿ.

ಕಾರ್ಡು

ಕರ್ನಾಟಕದಲ್ಲಿ 2007ರಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ ಆಯಿತು. ಕಟ್ಟಡ ಕಟ್ಟಿಸುವವರು ಕೊಡುವ ಸೆಸ್ ಹಣ ಅಲ್ಲಿ ಸೇರುತ್ತದೆ. 18ರಿಂದ 60 ವರ್ಷದವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಹೆಸರು ಬರೆಸಬಹುದು. ದವಾಖಾನೆ ಖರ್ಚು, ಅಪಘಾತ, ಪಿಂಚಣಿಗೆ ನೆರವು ಉಂಟು. ಅದಕ್ಕೆ ಕೆಲಸ ಮಾಡಿದ ದಿನಗಳನ್ನು ವಹಿಯಲ್ಲಿ ಬರೆದಿಡಿ. ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಿ.

ಬೆರಳು ಮಾಯ್ದ ಮೇಲೆ ಆ ಅಕ್ಕ ಅರ್ಜಿಯಲ್ಲಿ ತಾವೇ ಹೆಸರು ಬರೆದರು. ಹೆಬ್ಬೆಟ್ಟು ಸವೆಯಬಹುದು, ಕಲಿತ ಅಕ್ಷರ ಸವೆಯದು.

ಲೆಕ್ಕ ಮಾಡಿರಿ

ಒಂದು ಬುಟ್ಟಿ ಹಸಿ ಕಾಂಕ್ರೀಟ್ 24 ಕಿಲೊ. ಸ್ಲ್ಯಾಬ್ ಹಾಕುವ ದಿನ 100 ಬುಟ್ಟಿ ಹೊತ್ತರೆ ಒಟ್ಟು ಎಷ್ಟು ಕ್ವಿಂಟಲ್?

ಮಾತಾಡಿರಿ, ಬರೆಯಿರಿ

1. ನಿಮ್ಮ ಮೈಯಲ್ಲಿ ಎಲ್ಲಿ ನೋವಿದೆ? ಯಾವ ಕೆಲಸದಿಂದ ಬಂತು?
2. ನಾಳೆ ಮೇಸ್ತ್ರಿಯ ಹತ್ತಿರ ಕೂಡಿ ಕೇಳಬೇಕಾದ ಮೂರು ವಸ್ತು ಯಾವುವು?
3. ಈ ವಾರ ದುಡಿದ ದಿನಗಳನ್ನು ತಾರೀಖಿನ ಸಹಿತ ಬರೆಯಿರಿ.